ಬಾಹ್ಯಾಕಾಶದ ಜನಕ್ಕೆ ಯಾವ ದುಡ್ಡು ಕೊಡಲಿ?

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ (ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕತೆ ಕಟ್ಟುವ ಆಟ) ಆಡಿಸುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: "ನನ್ನ ಕ್ಯಾಂಪೇನಿಗೆ, ಅಂದರೆ ಹಲವು ಸಲ ಕೂತು ಆಡುವ ಒಂದು ಉದ್ದ ಕತೆಗೆ, ಬಾಹ್ಯಾಕಾಶದಲ್ಲೇ ಹುಟ್ಟಿ ಬೆಳೆದ ಒಂದು ಜನಾಂಗ ಬೇಕು. ಅವರ ಆಚಾರ, ವ್ಯಾಪಾರ ಎಲ್ಲಿಂದ ಶುರು ಮಾಡಲಿ? ಯಾವ ದುಡ್ಡು ಕೊಡಲಿ?"

ದುಡ್ಡಿಗೆ ಕೊನೆಗೆ ಹೆಸರಿಡಿ. ಅವರಿಗೆ ಯಾವುದು ಸುಲಭವಾಗಿ ಸಿಗುವುದಿಲ್ಲ ಎಂದು ಮೊದಲು ನೋಡಿ. ಆಚಾರವೂ ವ್ಯಾಪಾರವೂ ಅದೇ ಕೊರತೆಯಿಂದ ಹುಟ್ಟುತ್ತವೆ.

ಚಿನ್ನ, ಪ್ಲಾಟಿನಂ ಎಂದು ಎಲ್ಲರೂ ಯೋಚಿಸುತ್ತಾರೆ. ನಾನು ಸಾರಜನಕ ಹಿಡಿದುಕೊಳ್ಳುತ್ತೇನೆ. ಚಂದ್ರನ ಮಣ್ಣಿನ ತೂಕದಲ್ಲಿ ಶೇ. 40ಕ್ಕೂ ಜಾಸ್ತಿ ಆಮ್ಲಜನಕವೇ ಇದೆ. ಸಾಕಷ್ಟು ವಿದ್ಯುತ್ ಇದ್ದರೆ ಅದನ್ನು ಬಿಡಿಸಿಕೊಳ್ಳಬಹುದು. ಧ್ರುವಗಳ ಹತ್ತಿರ ಮಂಜುಗಡ್ಡೆಯೂ ಇದೆ. ಸಾರಜನಕ ಮಾತ್ರ ತೀರಾ ಕಡಿಮೆ, ಅದಿಲ್ಲದೆ ಬೆಳೆ ಇಲ್ಲ. ಶನಿಯ ಉಪಗ್ರಹ ಟೈಟನ್‌ನ ಗಾಳಿಯಲ್ಲಿ ಸುಮಾರು ಶೇ. 95 ಸಾರಜನಕವೇ, ಆದರೆ ಅಲ್ಲಿಂದ ಹೊತ್ತು ತರಬೇಕಲ್ವಾ?

ಇಂಥ ಕಡೆ ತಲೆಮಾರುಗಟ್ಟಲೆ ಬದುಕಿದವರನ್ನು ಊಹಿಸಿಕೊಳ್ಳಿ. ಮನುಷ್ಯನ ಮೈತೂಕದಲ್ಲಿ ಸುಮಾರು ಶೇ. 3 ಸಾರಜನಕ. ಸತ್ತವರನ್ನು ಹೊರಗೆ ತೇಲಿಬಿಡುವುದು ಇವರ ಕಣ್ಣಿಗೆ ಕಳ್ಳತನ, ಹೆಣ ತೋಟದ ಮಣ್ಣಿಗೇ ಸೇರಬೇಕು. ಮಗಳು ಮದುವೆಯಾಗಿ ಬೇರೆ ನೆಲೆಗೆ ಹೋದರೆ ಅವಳ ತೂಕಕ್ಕೆ ತಕ್ಕಷ್ಟು ಗೊಬ್ಬರ ಈ ಕಡೆಗೆ ಬರಬೇಕು. ನನ್ನ ಕ್ಯಾಂಪೇನಿನಲ್ಲಿ ಬಾಗಿಲು ಕಾಯುವವಳು ಸುಂಕ ಕೇಳುವುದಿಲ್ಲ. ಬಂದವರನ್ನು ತಕ್ಕಡಿ ಮೇಲೆ ನಿಲ್ಲಿಸುತ್ತಾಳೆ, ಹೊರಡುವಾಗ ಮತ್ತೆ ನಿಲ್ಲಿಸುತ್ತಾಳೆ. ಒಮ್ಮೆ ಆಟಗಾರರು ಸತ್ತ ಸಂಗಾತಿಯನ್ನು ಮನೆಗೆ ಒಯ್ಯಬೇಕೆಂದು ಹಟ ಹಿಡಿದರು. ಇಡೀ ಸೆಷನ್ ಆ ಚೌಕಾಸಿಯಲ್ಲೇ ಕಳೆಯಿತು. ಒಂದು ಗುಂಡೂ ಹಾರಲಿಲ್ಲ, ಆದರೂ ಯಾರೂ ಮೇಜು ಬಿಟ್ಟು ಏಳಲಿಲ್ಲ.

ಕೊರತೆ ಆದಮೇಲೆ ಕಾಲ. ಭೂಮಿಯಿಂದ ಮಂಗಳಕ್ಕೆ ಕಡಿಮೆ ಇಂಧನದಲ್ಲಿ ಹೋಗುವ ಅವಕಾಶ ಸುಮಾರು 26 ತಿಂಗಳಿಗೊಮ್ಮೆ ಬರುತ್ತದೆ, ಪ್ರಯಾಣಕ್ಕೆ ಹತ್ತಿರ ಹತ್ತಿರ 9 ತಿಂಗಳು. ಹಾಗಾದರೆ ಸಾಲದ ಗಡುವು, ಕೂಲಿಯ ಕರಾರು, ಜಾತ್ರೆ ಎಲ್ಲಾ ಆ ಲೆಕ್ಕಕ್ಕೇ ಬೀಳುತ್ತವೆ. ರೇಡಿಯೋ ಮಾತು ಮುಟ್ಟಲು 3ರಿಂದ 22 ನಿಮಿಷ ಸಾಕು. ಅಂದರೆ ಆ ಕಡೆಯ ಇವತ್ತಿನ ಧಾರಣೆ ಗೊತ್ತು, ಸರಕು ಮುಟ್ಟುವ ದಿನದ್ದು ಗೊತ್ತಿಲ್ಲ. ಅಲ್ಲಿ ಮಾತಿಗೆ, ಜಾಮೀನಿಗೆ ಬೆಲೆ ಬರುತ್ತದೆ. ನಿಮ್ಮ ಹಡಗುಗಳು ಬೆಳಕಿಗಿಂತ ಜೋರಾಗಿ ಓಡುವುದಾದರೆ ಲೆಕ್ಕ ತಿರುಗುಮುರುಗು: ಸುದ್ದಿಯೂ ಹಡಗಿನಲ್ಲೇ ಬರಬೇಕು, ಅದೇ ದುಬಾರಿ ಸರಕು.

ಇನ್ನು ಸಾಲ. 1977ರಲ್ಲಿ ಬಂದ ಟ್ರಾವೆಲರ್ ಎಂಬ ಬಾಹ್ಯಾಕಾಶದ ರೋಲ್‌ಪ್ಲೇಯಿಂಗ್ ಆಟದಲ್ಲಿ ಹಡಗನ್ನು ಸಾಲದಲ್ಲಿ ಕೊಳ್ಳಬಹುದು. ತಿಂಗಳಿಗೆ ಹಡಗಿನ ಬೆಲೆಯ 240ರಲ್ಲಿ ಒಂದು ಭಾಗ, 480 ಕಂತು. ಕಂತಿನಲ್ಲೇ ಬೆಲೆಯ ಎರಡರಷ್ಟು ಕಟ್ಟಿದಂತಾಯಿತು. ಆಟಗಾರರನ್ನು ಸಾಹಸಕ್ಕೆ ತಳ್ಳಲು ಇದಕ್ಕಿಂತ ಒಳ್ಳೆಯ ನಿಯಮ ನನಗೆ ಇನ್ನೂ ಸಿಕ್ಕಿಲ್ಲ. ಸುಮ್ನೆ ಕೂತರೂ ಕಂತಿನ ದಿನ ಬಂದೇ ಬರುತ್ತದೆ.

ಇಷ್ಟನ್ನೂ ಆಟಗಾರರಿಗೆ ಭಾಷಣ ಮಾಡಬೇಡಿ. ಪ್ರತಿ ನೆಲೆಯಲ್ಲೂ ಅಗ್ಗದ ಒಂದು ವಸ್ತು, ದುಬಾರಿಯ ಒಂದು, ಎಷ್ಟು ಕೊಟ್ಟರೂ ಮಾರದ ಒಂದು ಇಟ್ಟರೆ ಸಾಕು. ಅವರು ಆ ಮೂರನೆಯದನ್ನೇ ಕೇಳುತ್ತಾರೆ. ಯಾಕೆ ಮಾರುವುದಿಲ್ಲ ಎಂದು ಹೇಳಲು ಅಲ್ಲಿನ ಒಬ್ಬ ಅಜ್ಜಿಯನ್ನು ಮೊದಲೇ ಬರೆದಿಟ್ಟುಕೊಳ್ಳಿ.