ಬಾಲ್ ಪೈಥಾನ್ ಮರಿ ತಿನ್ನುತ್ತಿಲ್ಲವೇ? ಮೊದಲು ಡಬ್ಬಿ ನೋಡಿ

ಮರಿ ತಂದು ಹತ್ತು ದಿನವಾಯಿತು, ಇಲಿ ಮುಟ್ಟುತ್ತಿಲ್ಲ ಅಂತ ಗಾಬರಿಯಾದವರು ಮೊದಲು ಬದಲಿಸುವುದು ಇಲಿಯನ್ನೇ. ಸಣ್ಣದು ಕೊಡುತ್ತಾರೆ, ದೊಡ್ಡದು ಕೊಡುತ್ತಾರೆ, ಜೀವಂತ ಬಿಟ್ಟು ನೋಡುತ್ತಾರೆ. ತಪ್ಪು ಹೆಚ್ಚಾಗಿ ಇಲಿಯಲ್ಲಿರುವುದಿಲ್ಲ, ಮರಿಯನ್ನಿಟ್ಟ ಡಬ್ಬಿಯಲ್ಲಿರುತ್ತದೆ.

ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು. ಹಗಲೆಲ್ಲ ಇಲಿ ತೋಡಿದ ಬಿಲದಲ್ಲೋ ಗೆದ್ದಲ ಹುತ್ತದಲ್ಲೋ ಬಿದ್ದಿದ್ದು ಕತ್ತಲಾದ ಮೇಲೆ ಹೊರಡುತ್ತದೆ. ಹೆದರಿದರೆ ಚೆಂಡಿನಂತೆ ಸುತ್ತಿಕೊಂಡು ತಲೆಯನ್ನು ಒಳಗಿಡುತ್ತದೆ. ಹೆಸರು ಬಂದದ್ದೇ ಅದರಿಂದ. ಇಂಥ ಮರಿಯನ್ನು ನಾಲ್ಕಡಿ ಗಾಜಿನ ತೊಟ್ಟಿಯ ನಡುವೆ ಬಿಟ್ಟರೆ ಅದು ಊಟದ ಯೋಚನೆ ಮಾಡುವುದಿಲ್ಲ, ಅಡಗುವ ಯೋಚನೆ ಮಾಡುತ್ತದೆ.

ಮರಿಗೆ 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲದ, ಮುಚ್ಚಳಕ್ಕೆ ಕ್ಲಿಪ್ ಇರುವ ಪ್ಲಾಸ್ಟಿಕ್ ಡಬ್ಬಿ ಸಾಕು. ಕ್ಲಿಪ್ ಸಡಿಲವಿದ್ದರೆ ಮೂತಿಯಿಂದ ಮುಚ್ಚಳ ಎತ್ತಿ ರಾತ್ರೋರಾತ್ರಿ ಪರಾರಿಯಾಗುತ್ತದೆ. ಎರಡು ಪಕ್ಕದಲ್ಲೂ ಕಾದ ಬೆಸುಗೆ ಕಡ್ಡಿಯಿಂದ (ಸೋಲ್ಡರಿಂಗ್ ಐರನ್) 5 ಮಿ.ಮೀ. ತೂತುಗಳನ್ನು ಮಾಡಿ. ಒಳಗಿನಿಂದ ಹೊರಗೆ ಚುಚ್ಚಬೇಕು, ಇಲ್ಲದಿದ್ದರೆ ಕರಗಿದ ಪ್ಲಾಸ್ಟಿಕ್ಕಿನ ಚೂಪು ಅಂಚು ಒಳಗೇ ಉಳಿದು ಮೂತಿ ಗೀರುತ್ತದೆ.

ಅಡಗುದಾಣ ಎರಡು ಬೇಕು, ಬೆಚ್ಚಗಿನ ಕಡೆ ಒಂದು, ತಂಪು ಕಡೆ ಒಂದು, ಎರಡೂ ಒಂದೇ ಥರದ್ದು. ಒಂದೇ ಇಟ್ಟರೆ ಮರಿ ಮರೆ ಬಿಟ್ಟು ಶಾಖದ ಕಡೆ ಹೋಗುವುದಿಲ್ಲ, ತಿಂದದ್ದು ಅರಗುವುದಿಲ್ಲ. ಸಣ್ಣ ಮಣ್ಣಿನ ಹೂಕುಂಡವನ್ನು ಬೋರಲು ಹಾಕಿ, ಅಂಚಿನಲ್ಲಿ ಬಾಗಿಲಿನಂತೆ ಒಡೆದು, ಉಜ್ಜುಕಾಗದದಿಂದ ನಯ ಮಾಡಿದರೆ ಮುಗಿಯಿತು. ಸುತ್ತಿಕೊಂಡಾಗ ಮೈ ಗೋಡೆಗೆ ತಗಲುವಷ್ಟು ಇಕ್ಕಟ್ಟಾಗಿರಬೇಕು. ನಮಗೆ ಪಾಪ ಅನ್ನಿಸುವ ಇಕ್ಕಟ್ಟೇ ಅದಕ್ಕೆ ಧೈರ್ಯ.

ಶಾಖಕ್ಕೆ ಡಬ್ಬಿಯ ಅಡಿಯ ಮೂರನೇ ಒಂದು ಭಾಗಕ್ಕೆ ಬರುವಂತೆ ಹೀಟ್ ಮ್ಯಾಟ್, ಅಂದರೆ ಕರೆಂಟಿನಿಂದ ಕಾಯುವ ತೆಳು ಹಾಳೆ. ಶಾಖ ಮಿತಿ ಮುಟ್ಟಿದಾಗ ಕರೆಂಟ್ ಕಡಿಯುವ ಥರ್ಮೋಸ್ಟಾಟ್ ಇಲ್ಲದೆ ಅದನ್ನು ಪ್ಲಗ್ಗಿಗೆ ಹಾಕಲೇಬೇಡಿ. ಹಾವಿನ ಹೊಟ್ಟೆ ಸುಡುವುದು ಹೀಗೆಯೇ. ಕೋಳಿಮೊಟ್ಟೆಯ ಇನ್ಕ್ಯುಬೇಟರಿಗೆ ಹಾಕುವ ಡಿಜಿಟಲ್ ಥರ್ಮೋಸ್ಟಾಟ್ ಇದಕ್ಕೂ ಆಗುತ್ತದೆ. ಸೆನ್ಸರನ್ನು ಮ್ಯಾಟಿಗೂ ಡಬ್ಬಿಗೂ ನಡುವೆ ಟೇಪಿನಿಂದ ಅಂಟಿಸಿ. ಡಬ್ಬಿಯೊಳಗೆ ಬಿಟ್ಟರೆ ಮರಿ ಅದನ್ನು ತಳ್ಳಿ ತಂಪು ಕಡೆ ಸರಿಸುತ್ತದೆ, ಮ್ಯಾಟ್ ಆರದೆ ಕಾಯುತ್ತಲೇ ಇರುತ್ತದೆ. ಬೆಚ್ಚಗಿನ ಕಡೆಯ ನೆಲ 31–33 ಡಿಗ್ರಿ, ತಂಪು ಕಡೆ 25–27. ಥರ್ಮೋಸ್ಟಾಟ್ ತೋರಿಸುವ ಅಂಕಿಯನ್ನು ನಂಬದೆ ಒಳಗಿನ ನೆಲವನ್ನೇ ಅಳೆಯಿರಿ. ಮರಿ ಹಾಸನ್ನು ಬಗೆದು ತಳಕ್ಕೆ ಹೋಗುತ್ತದೆ, ಆದ್ದರಿಂದ ಅಳೆಯಬೇಕಾದದ್ದು ಹಾಸಿನ ಕೆಳಗೆ.

ಮೈಸೂರಿನ ಹವೆ ಹಿತ ಅಂತ ನಮಗೆ ಹೆಮ್ಮೆ, ಹಾವಿಗೆ ಅಲ್ಲ. ಡಿಸೆಂಬರ್, ಜನವರಿ ರಾತ್ರಿಗಳಲ್ಲಿ 16–17 ಡಿಗ್ರಿಗೆ ಇಳಿದಾಗ ಬರೀ ಮ್ಯಾಟ್ ಸಾಲದು. ಅದು ನೆಲ ಕಾಯಿಸುತ್ತದೆಯೇ ಹೊರತು ಗಾಳಿಯನ್ನಲ್ಲ. ಡಬ್ಬಿಯ ಮೂರು ಪಕ್ಕಕ್ಕೆ ಥರ್ಮೋಕೋಲ್ ಕಟ್ಟಿ, ತೂತುಗಳನ್ನು ಮಾತ್ರ ಬಿಡಿ. ಕರೆಂಟ್ ಹೋದರೆ ಬಿಸಿನೀರಿನ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಡಬ್ಬಿಯ ಹೊರಗೆ ಒರಗಿಸಿ. ಬೇಸಿಗೆಯ ಕಥೆ ಉಲ್ಟಾ: ಶೀಟ್ ಮನೆಯಲ್ಲಿ ಏಪ್ರಿಲ್ ಮಧ್ಯಾಹ್ನ ಡಬ್ಬಿಯೆಲ್ಲ 35 ದಾಟಿದರೆ ತಂಪು ಕಡೆಯೇ ಉಳಿಯುವುದಿಲ್ಲ. ಚಳಿಯಲ್ಲಿ ಹಾವು ದಿನಗಟ್ಟಲೆ ನರಳುತ್ತದೆ, ಸೆಕೆಯಲ್ಲಿ ಕೆಲವೇ ಗಂಟೆಯಲ್ಲಿ ಸಾಯಬಹುದು.

ಡಬ್ಬಿಯ ತಳಕ್ಕೆ ಹಾಸಲು ಮಂಡ್ಯದವರು ದೂರ ಹುಡುಕಬೇಕಿಲ್ಲ, ತೆಂಗಿನ ನಾರಿನ ಪುಡಿ ಇದೆಯಲ್ಲ. ಉಪ್ಪಿನಂಶ ಹೋಗಲು ಎರಡು ಮೂರು ಸಲ ತೊಳೆದು ಹಿಂಡಿ. ಮುಷ್ಟಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ತೇವಾಂಶ 60–70 ಶೇಕಡ, ಪೊರೆ ಬಿಡುವಾಗ ಇನ್ನೂ ಸ್ವಲ್ಪ ಹೆಚ್ಚು. ನೀರು ನಿಂತರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ. ಸಾಮಿಲ್ಲಿನ ಹೊಟ್ಟು ಬೇಡ: ಯಾವ ಮರದ್ದೋ ಗೊತ್ತಿರುವುದಿಲ್ಲ, ಎಣ್ಣೆ ಘಾಟಿನ ಮರವಾದರೆ ಉಸಿರಿಗೆ ತೊಂದರೆ.

ಈಗ ಊಟ. ಮರಿ ಬಂದ ಮೊದಲ ಏಳು ದಿನ ಮುಟ್ಟಬೇಡಿ, ಉಣಿಸಲೂ ಬೇಡಿ. ಆಮೇಲೆ ಅಡುಗೆಮನೆಯದಲ್ಲದ ಬೇರೊಂದು ತಕ್ಕಡಿಯಲ್ಲಿ ತೂಗಿ. ಆಗಷ್ಟೇ ಮೊಟ್ಟೆಯೊಡೆದ ಮರಿ ಸುಮಾರು 60–70 ಗ್ರಾಂ ಇರುತ್ತದೆ. ಅದರ ತೂಕದ 10–15 ಶೇಕಡದ ಇಲಿ, ವಾರಕ್ಕೊಂದು. ಅಂದರೆ 7ರಿಂದ 10 ಗ್ರಾಮಿನ ಬಿಳಿ ಇಲಿಮರಿ. 500 ಗ್ರಾಂ ದಾಟಿದ ಮೇಲೆ ಅಂತರವನ್ನು 10–14 ದಿನಕ್ಕೆ ಹಿಗ್ಗಿಸಿ, ಪ್ರಮಾಣವನ್ನೂ ಇಳಿಸಿ.

ಫ್ರೀಜರಿನ ಇಲಿಯನ್ನು ಹಿಂದಿನ ರಾತ್ರಿ ಫ್ರಿಜ್ಜಿಗೆ ಇಳಿಸಿ. ಮರುದಿನ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬಿಸಿನೀರಲ್ಲಿ ಮುಳುಗಿಸಿ, ಮೈ 38–40 ಡಿಗ್ರಿಗೆ ಬರಲಿ. ಇದರ ತುಟಿಯ ಮೇಲಿನ ಕುಳಿಗಳು ಶಾಖವನ್ನು ಗುರುತಿಸುತ್ತವೆ. ತಣ್ಣಗಿನ ಇಲಿ ಅದರ ಪಾಲಿಗೆ ಊಟವೇ ಅಲ್ಲ. ಮೈಕ್ರೋವೇವ್ ಬೇಡ, ಹೊಟ್ಟೆ ಒಡೆದುಹೋಗುತ್ತದೆ. ರಾತ್ರಿ ದೀಪ ಆರಿಸಿ, ಉದ್ದ ಚಿಮಟದಲ್ಲಿ ಅಡಗುದಾಣದ ಬಾಯಿಗೆ ಹಿಡಿಯಿರಿ. ಕಚ್ಚದಿದ್ದರೆ ಅಲ್ಲೇ ಇಟ್ಟು ಬನ್ನಿ. ಬೆಳಿಗ್ಗೆಗೂ ಉಳಿದಿದ್ದರೆ ಎಸೆದು ಇನ್ನೊಂದು ವಾರ ಸುಮ್ಮನಿರಿ. ದಿನಾ ಆಸೆ ತೋರಿಸಿದಷ್ಟೂ ಹಟ ಹೆಚ್ಚು. ಜೀವಂತ ಇಲಿ ಬಿಟ್ಟು ಮಲಗಿದರೆ ಬೆಳಗಾಗುವುದರೊಳಗೆ ಆ ಇಲಿಯೇ ಹಾವಿನ ಬೆನ್ನು ಕಡಿದಿರಬಹುದು.

ಕಬ್ಬಿನ ಗದ್ದೆ, ಭತ್ತದ ಗದ್ದೆಯ ಇಲಿ ಪುಕ್ಕಟೆ ಸಿಗುತ್ತದೆ ನಿಜ. ಅದು ಯಾವ ಗದ್ದೆಯಲ್ಲಿ ಇಲಿಪಾಷಾಣ ತಿಂದು ಬಂದಿದೆಯೋ ಯಾರಿಗೆ ಗೊತ್ತು? ಹುಳುಗಳಂತೂ ಇದ್ದೇ ಇರುತ್ತವೆ. ಹಾಲಿನ ಬಗ್ಗೆ ಬರೆಯುವುದೇ ಬೇಡ ಅಂದುಕೊಂಡಿದ್ದೆವು, ಪ್ರತಿ ನಾಗರಪಂಚಮಿಗೂ ಯಾರಾದರೂ ಕೇಳುತ್ತಾರೆ. ನೀರು ಸಾಕು, ಉರುಳದ ಭಾರದ ಬಟ್ಟಲಲ್ಲಿ.

ತಿಂದ ಮೇಲೆ 48 ಗಂಟೆ ಎತ್ತಬೇಡಿ. ಎತ್ತಿದರೆ, ಡಬ್ಬಿ ತಣ್ಣಗಿದ್ದರೆ ಅಥವಾ ಇಲಿ ದೊಡ್ಡದಾದರೆ ಕಕ್ಕುತ್ತದೆ. ಕಕ್ಕಿದ ಮರಿಗೆ ತಕ್ಷಣ ಮತ್ತೆ ತಿನ್ನಿಸಬೇಡಿ. ಎರಡು ವಾರ ಬಿಟ್ಟು ಅರ್ಧ ಗಾತ್ರದ್ದು ಕೊಡಿ. ಕಣ್ಣು ನೀಲಿ ಮಬ್ಬಾಗಿದ್ದರೆ ಪೊರೆ ಬಿಡುವ ಹೊತ್ತು, ಆಗ ತಿನ್ನದಿರುವುದು ಸಹಜ. ತೂಕ ಹತ್ತನೇ ಒಂದು ಭಾಗ ಇಳಿದರೆ, ಬಾಯಿ ತೆರೆದು ಉಸಿರಾಡಿದರೆ, ಮೂಗಲ್ಲಿ ಗುಳ್ಳೆ ಕಂಡರೆ ಸರೀಸೃಪ ನೋಡುವ ಪಶುವೈದ್ಯರಲ್ಲಿಗೆ ಒಯ್ಯಿರಿ.

ಇನ್ನು ಕಾಗದಪತ್ರ. ಬಾಲ್ ಪೈಥಾನ್ ಸೈಟಿಸ್ (ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ) ಪಟ್ಟಿಯ ಪ್ರಾಣಿ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿ ಆಗಿರಬೇಕು. ಕೈ ಬದಲಾದರೂ, ಸತ್ತರೂ ತಿಳಿಸಬೇಕು. ಮಾರುವವರ ಹತ್ತಿರ ದಾಖಲೆ ಇಲ್ಲದಿದ್ದರೆ ಕೊಳ್ಳಬೇಡಿ. ಕಬ್ಬು ಕಡಿಯುವಾಗ ಸಿಗುವ ನಮ್ಮ ಹೆಬ್ಬಾವಿನ ಮರಿ ಬೇರೆಯೇ ಜಾತಿ, ಅದೇ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆಯಿರುವ ಮೊದಲ ಅನುಸೂಚಿಯದು. ಅದನ್ನು ಸಾಕುವಂತಿಲ್ಲ, ಕಂಡರೆ ಅರಣ್ಯ ಇಲಾಖೆಗೆ ಫೋನ್ ಮಾಡಿ.