30 ಪೆನ್ಸ್, 5 ಸಿಗರೇಟು, 20 ವರ್ಷ ಜೈಲು

ಮೊನ್ನೆ ಹದಿಹರೆಯದವರ ಅಪರಾಧದ ಬಗ್ಗೆ ಪಾಠ ಮಾಡುವಾಗ ಒಬ್ಬ ಹುಡುಗ ಎದ್ದು ನಿಂತು, "ಮೇಡಂ, ಕೆಲವು ಜನಾಂಗದವರ ಕಲ್ಚರ್ರೇ ಹಾಗಿರುತ್ತೆ ಅಲ್ವಾ?" ಅಂತ ಕೇಳಿದ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಮನೆಯಲ್ಲಿ, ಬಸ್ಸಿನಲ್ಲಿ ಕಿವಿಗೆ ಬಿದ್ದಿದ್ದನ್ನೇ ಕೇಳಿದ. ಅಷ್ಟರಲ್ಲಿ ಬೆಲ್ ಹೊಡೆಯಿತು, ನನ್ನ ಉತ್ತರ ಅರ್ಧಕ್ಕೇ ನಿಂತಿತು. ಉಳಿದರ್ಧ ಇಲ್ಲಿದೆ.

1972ರ ನವೆಂಬರ್. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹ್ಯಾಂಡ್ಸ್‌ವರ್ತ್ ಅಂತ ಒಂದು ಬಡಾವಣೆ. ರಾತ್ರಿ ಮನೆಗೆ ಹೋಗುತ್ತಿದ್ದ ಒಬ್ಬ ಕೂಲಿ ಕೆಲಸದವನನ್ನು ಮೂವರು ಹುಡುಗರು ಹಿಡಿದು ಹೊಡೆದರು. ದೋಚಿದ್ದು 30 ಪೆನ್ಸ್, ಕೀಲಿಕೈ, 5 ಸಿಗರೇಟು. ಹೊಡೆತ ಜೋರಾಗಿತ್ತು, ಅದನ್ನು ಸಣ್ಣದು ಮಾಡಿ ಹೇಳಬಾರದು. ಆದರೆ ಕೋರ್ಟು 16 ವರ್ಷದ ಒಬ್ಬನಿಗೆ 20 ವರ್ಷ, ಉಳಿದಿಬ್ಬರಿಗೆ 10 ವರ್ಷ ಕೊಟ್ಟಿತು.

ಯಾಕಿಷ್ಟು? ಆಗ ಅಲ್ಲಿನ ಪತ್ರಿಕೆಗಳಲ್ಲಿ 'ಮಗಿಂಗ್' ಅನ್ನೋ ಪದದ್ದೇ ಸದ್ದು, ಅದೂ ಅಮೆರಿಕದಿಂದ ತಂದ ಪದ. ದಾರಿಯಲ್ಲಿ ಅಡ್ಡಗಟ್ಟಿ ದೋಚುವುದು ಇಂಗ್ಲೆಂಡಿಗೆ ನೂರಾರು ವರ್ಷದಿಂದ ಗೊತ್ತಿದ್ದದ್ದೇ, ಆದರೂ ಹೊಸ ಹೆಸರು ಬಂದ ಕೂಡಲೇ ಊರಿಗೆ ಹೊಸ ರೋಗ ಬಂದಂತೆ ಜನ ಹೆದರಿದರು, ಆ ಹೆಸರಿಗೆ ಕಪ್ಪು ಹುಡುಗನ ಮುಖ ಅಂಟಿಕೊಂಡಿತು. ಜಮೈಕಾದಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಸ್ಟುವರ್ಟ್ ಹಾಲ್ ಅದೇ ಬರ್ಮಿಂಗ್‌ಹ್ಯಾಮಿನ ವಿಶ್ವವಿದ್ಯಾಲಯದಲ್ಲಿದ್ದರು. ನಾಲ್ಕು ಜನ ಸಂಗಡಿಗರ ಜೊತೆ ಸೇರಿ 1978ರಲ್ಲಿ ಇದನ್ನೇ ಬಿಡಿಸಿ ಬರೆದರು: ದೇಶದ ಆರ್ಥಿಕತೆ ಕುಸಿಯುತ್ತಿದ್ದಾಗ ಜನರ ದಿಗಿಲಿಗೆಲ್ಲ ಆ ಕಪ್ಪು ಹುಡುಗನೇ ಗುರಿಯಾದ.

ಪೊಲೀಸರ ಕೈಯಲ್ಲಿ 1824ರ ಹಳೇ ಅಲೆಮಾರಿ ಕಾಯ್ದೆ ಇತ್ತು. ಕಳ್ಳತನ ಆಗಬೇಕಾಗಿಯೇ ಇರಲಿಲ್ಲ, 'ಅನುಮಾನ ಬಂತು' ಅಂದರೆ ಸಾಕು, ಹಿಡಿಯಬಹುದಿತ್ತು. 1981ರ ಏಪ್ರಿಲ್‌ನಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಮಫ್ತಿ ಪೊಲೀಸರು ಕೆಲವೇ ದಿನಗಳಲ್ಲಿ 943 ಜನರನ್ನು ನಿಲ್ಲಿಸಿದರು, 118 ಜನರನ್ನು ಹಿಡಿದರು. ಅದೇ ವಾರ ಬೀದಿ ಹೊತ್ತಿ ಉರಿಯಿತು. ಅನುಮಾನದ ಆ ಕಲಮು ಅದೇ ವರ್ಷ ಹೋಯಿತು.

ಇನ್ನೊಂದು ಮಾತೂ ಇದೆ, ಅದನ್ನು ಬಿಟ್ಟರೆ ಪಾಠ ಸುಳ್ಳಾಗುತ್ತದೆ. ಅಪರಾಧಶಾಸ್ತ್ರಜ್ಞರಾದ ಜಾನ್ ಲೀ, ಜಾಕ್ ಯಂಗ್ 1984ರಲ್ಲಿ ಹೇಳಿದ್ದು: ಬೀದಿ ಅಪರಾಧ ಬರೀ ಪತ್ರಿಕೆಯವರು ಕಟ್ಟಿದ ಕಥೆಯಲ್ಲ, ಹೊಡೆತ ತಿನ್ನುವವರೂ ಅದೇ ಬಡ ಬೀದಿಯವರು. ಅವರು ಕೊಡುವ ಕಾರಣ ಇದು: ಅಪ್ಪ ವಲಸೆ ಬಂದವನು, ಸಿಕ್ಕಿದ ಕೆಲಸ ಮಾಡಿ ಸುಮ್ಮನಿದ್ದ. ಮಗ ಅಲ್ಲೇ ಓದಿದವನು, ಪಕ್ಕದ ಬೆಂಚಿನ ಬಿಳಿ ಹುಡುಗನಿಗೆ ಸಿಗೋದು ತನಗೂ ಸಿಗಬೇಕು ಅಂತ ನಂಬಿದವನು. ಸಿಗದಿದ್ದಾಗ ಅವನ ಸಿಟ್ಟು ಅಪ್ಪನ ಸಿಟ್ಟಿಗಿಂತ ಜಾಸ್ತಿ. ನನಗೆ ಹಾಲ್ ಅವರಷ್ಟೇ ಇವರೂ ಮುಖ್ಯ.

ಕಲ್ಚರ್ ವಾದಕ್ಕೆ ನನ್ನ ಉತ್ತರ ಇಂಗ್ಲೆಂಡಿನ ಏಷ್ಯನ್ ಹುಡುಗರು, ಅಂದರೆ ನಮ್ಮ ಉಪಖಂಡದಿಂದ ಅಲ್ಲಿಗೆ ಹೋದವರ ಮಕ್ಕಳು. 70ರ ದಶಕದಲ್ಲಿ ಅವರನ್ನು 'ಮನೆ ಕಟ್ಟುಪಾಡಿನ ಸಾಧು ಮಕ್ಕಳು' ಅಂತ ಹೊಗಳುತ್ತಿದ್ದರು. 2001ರಲ್ಲಿ ಓಲ್ಡಮ್, ಬರ್ನ್ಲಿ, ಬ್ರಾಡ್‌ಫರ್ಡ್‌ನಲ್ಲಿ ಗಲಭೆಯಾದ ಮೇಲೆ ಅದೇ ಮನೆ, ಅದೇ ಕಟ್ಟುಪಾಡನ್ನು ತೋರಿಸಿ 'ಇವರು ಯಾರ ಜೊತೆಗೂ ಬೆರೆಯಲ್ಲ, ಅದಕ್ಕೇ ಹೀಗೆ' ಅಂದರು. ಒಂದೇ ಕಲ್ಚರ್ ಎರಡಕ್ಕೂ ಕಾರಣ ಆಗೋದು ಹೇಗೆ?

ಇದೇ ಬ್ರಿಟಿಷ್ ಸರ್ಕಾರ 1871ರಲ್ಲಿ ಇಲ್ಲಿ ಇಡೀ ಸಮುದಾಯಗಳನ್ನೇ 'ಅಪರಾಧಿ ಬುಡಕಟ್ಟು' ಅಂತ ಪಟ್ಟಿ ಮಾಡುವ ಕಾಯ್ದೆ ತಂದಿತ್ತು. ಹುಟ್ಟಿದ ಕೂಸಿಗೂ ಆ ಹೆಸರು. ಹುಬ್ಬಳ್ಳಿಯಲ್ಲಿ ಅವರಿಗಾಗಿ ತಂತಿ ಬೇಲಿ ಹಾಕಿ, ಹಾಜರಿ ತೆಗೆದುಕೊಂಡು ಇಟ್ಟುಕೊಂಡಿದ್ದರು. ಆ ಕಾಯ್ದೆ 1952ರಲ್ಲಿ ರದ್ದಾಯಿತು. ಊರಿನವರು ಆ ಜಾಗವನ್ನು ಇವತ್ತಿಗೂ 'ಸೆಟ್ಲ್‌ಮೆಂಟ್' ಅಂತಲೇ ಕರೆಯುತ್ತಾರೆ.

ಸೋಮವಾರ ಆ ಹುಡುಗನ ಕ್ಲಾಸ್ ಇದೆ. ಸೆಟ್ಲ್‌ಮೆಂಟಿನಿಂದಲೇ ಶುರು ಮಾಡುತ್ತೇನೆ.