ಒಂದು ‘ಎಚ್’ ಅಕ್ಷರ ಮತ್ತು ಬೆಂಗಳೂರಿನ ಜಪಾನಿ ಕಂಪನಿ

ಪಾಸ್‌ಪೋರ್ಟಿನಲ್ಲಿ ‘ಓನೊ’ ಎಂಬ ಅಡ್ಡಹೆಸರಿನ ಇಂಗ್ಲಿಷ್ ಕಾಗುಣಿತದ ನಡುವೆ ಒಂದು ‘ಎಚ್’ ಇತ್ತು. ಬೆಂಗಳೂರಿನಲ್ಲಿ ಅಂಗಸಂಸ್ಥೆ ನೋಂದಾಯಿಸಲು ಅವರನ್ನು ಹೆಸರಿಸಿ ಟೋಕಿಯೊದ ಮಾತೃಸಂಸ್ಥೆ ಕಳಿಸಿದ ಬೋರ್ಡ್ ನಿರ್ಣಯದಲ್ಲಿ ಆ ‘ಎಚ್’ ಇರಲಿಲ್ಲ. ಜಪಾನಿನಲ್ಲಿ ಇದಕ್ಕೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ದೀರ್ಘ ‘ಓ’ ಸ್ವರವನ್ನು ಇಂಗ್ಲಿಷಿನಲ್ಲಿ ಹೇಗೆ ಬರೆದರೂ ಅದು ಅದೇ ಹೆಸರು. ನಮ್ಮ ಕಂಪನಿ ವ್ಯವಹಾರಗಳ ಪೋರ್ಟಲ್‌ಗೆ ಮಾತ್ರ ಅವರು ಇಬ್ಬರು ಮನುಷ್ಯರು. ನಿರ್ಣಯ ಮತ್ತೆ ಟೈಪಾಗಬೇಕು, ಮತ್ತೆ ನೋಟರಿ, ಮತ್ತೆ ಅಪಾಸ್ಟೀಲ್ (ಕಾಗದ ಬೇರೆ ದೇಶದಲ್ಲಿ ಸಲ್ಲಲು ಹಾಕುವ ಸರ್ಕಾರಿ ದೃಢೀಕರಣ), ಮತ್ತೆ ಕೊರಿಯರ್. ಹತ್ತು ದಿನ ಹೋಯಿತು.

ಆದ್ದರಿಂದ ಫಾರಂ ತೆರೆಯುವ ಮೊದಲೇ ಒಂದು ಹಾಳೆ ಮಾಡಿಕೊಳ್ಳುವುದು ಲೇಸು. ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಎರಡು ಸಾಲುಗಳಿರುತ್ತವಲ್ಲ, ಅಲ್ಲಿರುವ ಕಾಗುಣಿತವೇ ಅಂತಿಮ. ಡಿಜಿಟಲ್ ಸಹಿ, ನಿರ್ಣಯ, ಮೆಮೊರಾಂಡಮ್ (ಕಂಪನಿಯ ಸ್ಥಾಪನಾ ಪತ್ರ) ಎಲ್ಲಕ್ಕೂ ಅದನ್ನೇ ಅಂಟಿಸಿ. ಅದೇ ಹಾಳೆಯಲ್ಲಿ ತಂದೆಯ ಹೆಸರನ್ನೂ ಕೇಳಿ ಬರೆದುಕೊಳ್ಳಿ. ಜಪಾನಿ ಪಾಸ್‌ಪೋರ್ಟಿನಲ್ಲಿ ಅದು ಇರುವುದಿಲ್ಲ, ನಮ್ಮ ಫಾರಂ ಅದಿಲ್ಲದೆ ಮುಂದೆ ಹೋಗುವುದಿಲ್ಲ. ಅರವತ್ತು ದಾಟಿದ ಹಿರಿಯ ಅಧಿಕಾರಿಯ ಅಪ್ಪನ ಹೆಸರು ಯಾಕೆ ಬೇಕು ಎಂದು ಅವರು ಬೆರಗಾಗುವುದು ಸಹಜ. ಮನೆ ವಿಳಾಸವೂ ಪಾಸ್‌ಪೋರ್ಟಿನಲ್ಲಿ ಮುದ್ರಣವಾಗಿರುವುದಿಲ್ಲ. ಅಲ್ಲಿನ ನಗರಸಭೆ ಕೊಡುವ ‘ಜೂಮಿನ್‌ಹ್ಯೋ’ ಎಂಬ ನಿವಾಸ ಪತ್ರ ಜಪಾನಿ ಭಾಷೆಯಲ್ಲಿರುತ್ತದೆ. ಅದರ ಇಂಗ್ಲಿಷ್ ಅನುವಾದವನ್ನೂ ಜೊತೆಗೇ ನೋಟರಿ ಮಾಡಿಸಬೇಕು.

ನಿಜವಾದ ಇಕ್ಕಟ್ಟು ದಿನಗಳದು. ಕಂಪನಿ ನೋಂದಣಿಯ ಸ್ಪೈಸ್ ಪ್ಲಸ್ ಫಾರಂನ ಮೊದಲ ಭಾಗದಲ್ಲಿ ₹1,000 ಕಟ್ಟಿ ಎರಡು ಹೆಸರು ಸೂಚಿಸಬಹುದು. ಒಪ್ಪಿಗೆಯಾದ ಹೆಸರು 20 ದಿನ ಮಾತ್ರ ನಿಮ್ಮದು. ಮೆಮೊರಾಂಡಮ್‌ನಲ್ಲಿ ಕಂಪನಿಯ ಹೆಸರು ಅಚ್ಚಾಗಬೇಕಾದ್ದರಿಂದ ಹೆಸರು ಸಿಗುವವರೆಗೆ ಟೋಕಿಯೊದಲ್ಲಿ ಸಹಿಯಾಗುವಂತಿಲ್ಲ. ಮುದ್ರಣ, ಸಹಿ, ನೋಟರಿ, ಅಪಾಸ್ಟೀಲ್, ಕೊರಿಯರ್, ಎರಡನೇ ಭಾಗದ ಸಲ್ಲಿಕೆ ಎಲ್ಲವೂ ಆ 20 ದಿನದೊಳಗೆ. ಗಡುವಿಗೆ ಮೊದಲೇ ಇನ್ನೊಂದು ₹1,000 ಕಟ್ಟಿದರೆ 40 ದಿನವಾಗುತ್ತದೆ; ಜಪಾನಿನ ರಜೆಗಳ ವಾರ ಅಡ್ಡಬಂದರೆ ಯೋಚಿಸದೆ ಕಟ್ಟಿಬಿಡಿ. ಪಾಸ್‌ಪೋರ್ಟ್, ವಿಳಾಸ, ಡಿಜಿಟಲ್ ಸಹಿ, ನಿರ್ಣಯ ಇವನ್ನೆಲ್ಲ ಹೆಸರಿಗೆ ಅರ್ಜಿ ಹಾಕುವ ಮುಂಚೆಯೇ ಮುಗಿಸಿರಬೇಕು. ನಿರ್ಣಯದಲ್ಲಿ ‘ಈ ಹೆಸರು ಅಥವಾ ರಿಜಿಸ್ಟ್ರಾರ್ ಒಪ್ಪುವ ಬೇರೆ ಹೆಸರು’ ಎಂದು ಬರೆಸಿದ್ದರೆ, ಹೆಸರು ತಿರಸ್ಕೃತವಾದರೂ ನಿರ್ಣಯ ಉಳಿಯುತ್ತದೆ.

ಸಹಿಯ ದಿನ ಕಣ್ಣಿಡಬೇಕಾದದ್ದು ಮೊಹರಿನ ಮೇಲೆ. ಜಪಾನಿನಲ್ಲಿ ಕಂಪನಿ ಕಾಗದ ಎಂದರೆ ಕೆಂಪು ಶಾಯಿಯ ‘ಹಾಂಕೊ’ ಒತ್ತುವುದು ರೂಢಿ. ಇಲ್ಲಿಗೆ ಬೇಕಾದದ್ದು ಕೈಸಹಿ, ಅದೂ ಪಾಸ್‌ಪೋರ್ಟಿನಲ್ಲಿರುವಂಥದ್ದೇ. ಅಲ್ಲಿ ಕಾಂಜಿ ಲಿಪಿಯಲ್ಲಿ ಸಹಿ ಮಾಡಿದವರು ವಿದೇಶದ ಕಾಗದವೆಂದು ಇಲ್ಲಿ ಇಂಗ್ಲಿಷಿನಲ್ಲಿ ಹಾಕಿಬಿಡುತ್ತಾರೆ. ಹೆಸರು, ವಿಳಾಸ, ಉದ್ಯೋಗದ ಅಂಕಣಗಳನ್ನು ಸಹಿ ಹಾಕುವವರೇ ಕೈಯಾರೆ ತುಂಬಲಿ, ಪಕ್ಕದಲ್ಲಿ ಸಾಕ್ಷಿಯ ಸಹಿ ಇರಲಿ. ಟೋಕಿಯೊ, ಒಸಾಕಾದಂಥ ಕಡೆ ನೋಟರಿ ಕಚೇರಿಯಲ್ಲೇ ಅಪಾಸ್ಟೀಲ್ ಸಮೇತ ಕೊಡುವ ವ್ಯವಸ್ಥೆ ಇದೆ. ಬೇರೆ ಕೆಲವು ಪ್ರಾಂತ್ಯಗಳಲ್ಲಿ ನೋಟರಿಯ ನಂತರ ಕಾನೂನು ವ್ಯವಹಾರ ಕಚೇರಿ, ಆಮೇಲೆ ವಿದೇಶಾಂಗ ಸಚಿವಾಲಯ ಎಂದು ಸುತ್ತಬೇಕು. ಸಚಿವಾಲಯ ಅಪಾಸ್ಟೀಲ್‌ಗೆ ಶುಲ್ಕ ಕೇಳುವುದಿಲ್ಲ, ದಿನ ಕೇಳುತ್ತದೆ. ಇನ್ನೊಂದು ಮಾತು: ಕಟ್ಟು ಬಂದಾಗ ಸ್ಕ್ಯಾನ್‌ಗೆ ಸುಲಭವೆಂದು ಸ್ಟೇಪಲ್ ಪಿನ್ ಕೀಳಬೇಡಿ. ಕಿತ್ತ ಗುರುತು ಕಂಡರೆ ಹಾಳೆ ಬದಲಾಯಿಸಿದ್ದಾರೆಂಬ ಅನುಮಾನ ಬರುತ್ತದೆ. ಪುಟ ಮಡಚಿ ಸ್ಕ್ಯಾನ್ ಮಾಡಿ.

ಈ ಕಡೆ ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಬೇಕಾದದ್ದು ಇಬ್ಬರು ನಿರ್ದೇಶಕರು, ಇಬ್ಬರು ಷೇರುದಾರರು. ನಿರ್ದೇಶಕರಲ್ಲಿ ಒಬ್ಬರಾದರೂ ಆರ್ಥಿಕ ವರ್ಷದಲ್ಲಿ 182 ದಿನ ಭಾರತದಲ್ಲಿರುವವರಾಗಿರಬೇಕು. ಪರಿಚಯದವರನ್ನು ಹೆಸರಿಗಷ್ಟೇ ಕೂರಿಸುವುದುಂಟು. ನಾನಂತೂ ಬೇಡವೆನ್ನುತ್ತೇನೆ, ನಾಳೆ ನೋಟಿಸ್ ಬರುವುದು ಅವರ ಮನೆ ಬಾಗಿಲಿಗೆ. ಎರಡನೇ ಷೇರುದಾರ ಮಾತೃಸಂಸ್ಥೆಯ ಪರವಾಗಿ ಒಂದೇ ಷೇರು ಇಟ್ಟುಕೊಂಡಿದ್ದರೆ ಷೇರಿನ ನಿಜವಾದ ಒಡೆಯರು ಯಾರೆಂದು ಹೇಳುವ ಎಂಜಿಟಿ–4, 5 ಘೋಷಣೆಗಳನ್ನು 30 ದಿನದಲ್ಲಿ ಕೊಡಬೇಕು. ಅವು ಕೈಸೇರಿದ ಮೇಲೆ ಕಂಪನಿ ಅದನ್ನು ರಿಜಿಸ್ಟ್ರಾರ್‌ಗೆ ತಿಳಿಸುವ ಎಂಜಿಟಿ–6 ಸಲ್ಲಿಸಬೇಕು. ಮಾತೃಸಂಸ್ಥೆಯ ಹಿಂದೆ ಚೀನಾದ ಅಥವಾ ಭಾರತದ ಗಡಿಗೆ ತಾಗಿದ ಇನ್ನಾವುದೇ ದೇಶದ ಒಡೆತನ ಅಡಗಿದ್ದರೆ ಅಂಥ ಹೂಡಿಕೆಗೆ ಸರ್ಕಾರದ ಪೂರ್ವಾನುಮತಿ ಕೇಳುವ 2020ರ ಪ್ರೆಸ್ ನೋಟ್ 3 ನೆನಪಿರಲಿ. ಆಗ ದಾರಿಯೇ ಬೇರೆ.

ಕಚೇರಿ ವಿಳಾಸಕ್ಕೆ ಬಾಡಿಗೆ ಕರಾರು, ಮಾಲೀಕರ ಒಪ್ಪಿಗೆ ಪತ್ರ, ಎರಡು ತಿಂಗಳೊಳಗಿನ ಬೆಸ್ಕಾಂ ಬಿಲ್ ಸಾಕು. ಆದರೆ ಜಯನಗರದಂಥ ಹಳೇ ಬಡಾವಣೆಯಲ್ಲಿ ಬಿಲ್ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುತ್ತದೆ. ಆಗ ಖಾತಾ ಪತ್ರವನ್ನೂ ಲಗತ್ತಿಸಿ. ಅರ್ಜಿ ನೋಡುವುದು ಹರಿಯಾಣದ ಮಾನೇಸರ್‌ನ ಕೇಂದ್ರ, ಆದ್ದರಿಂದ ಕೋರಮಂಗಲದ ಕೇಂದ್ರೀಯ ಸದನದ ರಿಜಿಸ್ಟ್ರಾರ್ ಕಚೇರಿಗೆ ಓಡಾಡಿ ಪ್ರಯೋಜನವಿಲ್ಲ.

ನೋಂದಣಿ ಪ್ರಮಾಣಪತ್ರ, ಅದರೊಂದಿಗೆ ಪ್ಯಾನ್, ಟ್ಯಾನ್ ಬಂದ ದಿನ ಟೋಕಿಯೊದವರು ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ಬ್ಯಾಂಕ್ ಖಾತೆ ತೆರೆಯಲು ಅದೇ ಕಾಗದಗಳ ಇನ್ನೊಂದು ಸುತ್ತು ಇದೆ. ನೋಂದಣಿಯಾದ 30 ದಿನದೊಳಗೆ ಮೊದಲ ಬೋರ್ಡ್ ಸಭೆ, ಆಡಿಟರ್ ನೇಮಕ. ಷೇರು ಹಣ ಖಾತೆಗೆ ಬಿದ್ದ ಮೇಲೆ, ನೋಂದಣಿಯಾದ 180 ದಿನದೊಳಗೆ ವ್ಯಾಪಾರ ಆರಂಭದ ಘೋಷಣೆಯಾದ ಐಎನ್‌ಸಿ–20ಎ ಸಲ್ಲಿಸಬೇಕು. ತಪ್ಪಿದರೆ ಕಂಪನಿಗೆ ₹50,000 ದಂಡ. ಅದು ಸಲ್ಲಿಕೆಯಾಗದೆ ವ್ಯಾಪಾರ ಶುರುಮಾಡುವಂತಿಲ್ಲ, ಸಾಲ ಎತ್ತುವಂತಿಲ್ಲ.

ಹಣ ಬರುವಾಗ ಎಡವುವುದು ಮೂರು ಕಡೆ. ₹10 ಲಕ್ಷ ಬೇಕಿದ್ದಲ್ಲಿ ಬ್ಯಾಂಕ್ ಶುಲ್ಕ ಕಳೆದು ಒಂದೆರಡು ಸಾವಿರ ಕಡಿಮೆ ಬರುತ್ತದೆ. ಶುಲ್ಕ ಕಳಿಸುವವರದೇ ಎಂದು ಸೂಚಿಸಿ, ತುಸು ಹೆಚ್ಚು ಕಳಿಸಿ, ಮಿಕ್ಕದ್ದನ್ನು ವಾಪಸು ಮಾಡುವುದು ಮೇಲು. ಎರಡನೆಯದು, ಸಮೂಹದ ಬೇರೆ ಕಂಪನಿಯ ಖಾತೆಯಿಂದ ಹಣ ಬರುವುದು. ಮೂರನೆಯದು ಮತ್ತೆ ಹೆಸರೇ. ಷೇರು ಹಂಚಿದ 30 ದಿನದೊಳಗೆ ರಿಸರ್ವ್ ಬ್ಯಾಂಕಿನ ಫರ್ಮ್ಸ್ ಪೋರ್ಟಲ್‌ನಲ್ಲಿ ಎಫ್‌ಸಿ–ಜಿಪಿಆರ್ ಎಂಬ ಷೇರು ಹೂಡಿಕೆ ವರದಿ ಹಾಕಬೇಕು. ತಡವಾದರೆ ₹7,500ರ ಮೇಲೆ ಮೊತ್ತಕ್ಕೆ ತಕ್ಕ ಶುಲ್ಕ ಬೀಳುತ್ತದೆ. ಆ ವರದಿಗೆ ಹಣ ಬಂದದ್ದರ ಪ್ರಮಾಣಪತ್ರ ಮತ್ತು ಕಳಿಸಿದವರ ಬ್ಯಾಂಕಿನ ಕೆವೈಸಿ ವರದಿ ಬೇಕು. ಮೆಮೊರಾಂಡಮ್‌ನಲ್ಲಿ ‘ಕಂಪನಿ ಲಿಮಿಟೆಡ್’ ಎಂದಿರುವ ಮಾತೃಸಂಸ್ಥೆ ಜಪಾನಿನ ಬ್ಯಾಂಕಿನ ದಾಖಲೆಯಲ್ಲಿ ‘ಕೆ.ಕೆ.’ ಆಗಿರುತ್ತದೆ, ಅಂದರೆ ಕಾಬುಶಿಕಿ ಕೈಶಾ. ಎರಡೂ ಒಂದೇ ಸಂಸ್ಥೆ ಎಂಬ ಪತ್ರವನ್ನು ಓನೊ ಅವರ ಕೈಯಲ್ಲಿ, ‘ಎಚ್’ ಸಮೇತ, ಹಣ ಕಳಿಸುವ ಮೊದಲೇ ಬರೆಸಿಟ್ಟುಕೊಳ್ಳಿ.